ಶವರ್ ಮಿಕ್ಸರ್ ವಾರೆ ಕೂತಿದೆಯೇ? ಟೈಲ್ಸ್ ಒಡೆಯುವ ಮೊದಲು ಅಳೆಯಿರಿ

ಪ್ರಶ್ನೆ: ಕಲಬುರಗಿಯ ಜೇವರ್ಗಿ ರಸ್ತೆ ಕಡೆ ಹೊಸ ಮನೆ ಕಟ್ಟಿಸುತ್ತಿದ್ದೇವೆ. ಕೆಳಗಿನ ಬಚ್ಚಲಮನೆಯಲ್ಲಿ ಟೈಲ್ಸ್ ಮುಗಿದ ಮೇಲೆ ಶವರ್ ಜೋಡಿಸಲು ಹೋದರೆ ಯಾವುದೂ ಹೊಂದುತ್ತಿಲ್ಲ. ಬಿಸಿನೀರು, ತಣ್ಣೀರಿನ ಪಾಯಿಂಟುಗಳ ನಡುವೆ 158 ಮಿ.ಮೀ. ಇದೆ. ಎಡದ್ದು ಬಲದ್ದಕ್ಕಿಂತ 6 ಮಿ.ಮೀ. ಮೇಲಿದೆ. ಬಲದ ಎಲ್ಬೋ (ಗೋಡೆಯೊಳಗಿನ ಪೈಪಿನ ತುದಿಯ ಬಾಗು ಜೋಡಣೆ) ಟೈಲ್ಸಿನಿಂದ 14 ಮಿ.ಮೀ. ಒಳಗೆ ಹೋಗಿದೆ, ಎಡದ್ದು 2 ಮಿ.ಮೀ. ಮಾತ್ರ. ಪ್ಲಂಬರ್ ಹೇಗೋ ಬಿಗಿದು ಕೂರಿಸಿದರು. ಈಗ ಮಿಕ್ಸರ್ (ಬಿಸಿನೀರು, ತಣ್ಣೀರು ಬೆರೆಸುವ ನಲ್ಲಿ) ವಾರೆ ಕಾಣುತ್ತದೆ, ಎಡದ ಫ್ಲೇಂಜಿನ (ರಂಧ್ರ ಮುಚ್ಚುವ ದುಂಡು ಬಿಲ್ಲೆ) ಕೆಳಗಿಂದ ನೀರು ಜಿನುಗುತ್ತದೆ. ಮೇಲೆ ಗೋಡೆಯಿಂದ ಚಾಚಿದ 15 ಇಂಚಿನ ಶವರ್ ಆರ್ಮ್‌ನ ತುದಿ ಎರಡು ಇಂಚು ಎಡಕ್ಕೆ ಸರಿದಿದೆ. ‘ಗೋಡಿ ಒಡೀಬೇಕ್ರಿ’ ಅಂತಾರೆ. ಒಡೆಯದೆ ಸರಿಪಡಿಸಬಹುದೇ? ಮಹಡಿಯ ಬಚ್ಚಲಿಗೆ ಇನ್ನೂ ಪೈಪ್ ಹಾಕಿಲ್ಲ, ಅಲ್ಲಿ ಏನು ನೋಡಿಕೊಳ್ಳಬೇಕು?

ಉತ್ತರ: ನೀವು ಅಳತೆ ಕೊಟ್ಟು ಕೇಳಿದ್ದರಿಂದ ಅಳತೆಯಲ್ಲೇ ಉತ್ತರ ಕೊಡಬಹುದು. ಕೆಳಗಿನ ಎರಡು ಪಾಯಿಂಟುಗಳ ತಪ್ಪನ್ನು ಗೋಡೆ ಮುಟ್ಟದೆ ಸರಿಪಡಿಸುವ ಸಾಧ್ಯತೆ ಹೆಚ್ಚು. ಮೇಲಿನ ಆರ್ಮ್‌ನದು ಬೇರೆ ಜಾತಿಯ ತಪ್ಪು, ಅದಕ್ಕೆ ಬೇರೆ ದಾರಿ ಬೇಕು. ಎಡದ ಸೋರಿಕೆ ಎಲ್ಲಿಂದ ಎಂದು ತಿಳಿಯುವ ತನಕ ಮಾತ್ರ ಆ ಮಿಕ್ಸರನ್ನು ಇನ್ನೊಂದು ಸುತ್ತು ಕೂಡ ಬಿಗಿಸಬೇಡಿ.

ಮಿಕ್ಸರ್ ಹೊಂದದಿರಲು ನಾಲ್ಕು ಕಾರಣ ಇರುತ್ತವೆ: ಪಾಯಿಂಟುಗಳ ನಡುವಿನ ಅಂತರ ತಪ್ಪಿರುವುದು, ಎತ್ತರ ತಪ್ಪಿರುವುದು, ಆಳ ತಪ್ಪಿರುವುದು, ಎಲ್ಬೋದ ಬಾಯಿಯೇ ಓರೆಯಾಗಿರುವುದು. ಮೊದಲ ಮೂರಕ್ಕೆ ಹೊರಗಿನಿಂದ ಮದ್ದಿದೆ. ನಾಲ್ಕನೆಯದಕ್ಕೆ ಇಲ್ಲ. ನೀವು ಮೂರನ್ನು ಅಳೆದಿದ್ದೀರಿ, ನಾಲ್ಕನೆಯದನ್ನು ಅಳೆದಿಲ್ಲ. ಮೊದಲು ಅದನ್ನೇ ನೋಡಬೇಕು.

ಮಿಕ್ಸರ್ ಮತ್ತು ಅದನ್ನು ಗೋಡೆಯ ಎಲ್ಬೋಗೆ ಸೇರಿಸುವ ತುಂಡು ಕೊಳವೆಗಳಾದ ಲೆಗ್‌ಗಳನ್ನು ಬಿಚ್ಚಿ. ಹಾರ್ಡ್‌ವೇರ್ ಅಂಗಡಿಯಿಂದ ಅರ್ಧ ಇಂಚಿನ, ಒಂದು ಅಡಿ ಉದ್ದದ ಜಿಐ ನಿಪ್ಪಲ್ (ತುದಿಗಳಲ್ಲಿ ತಿರುಪಿರುವ ಕಬ್ಬಿಣದ ಪೈಪ್ ತುಂಡು) ತಂದು ಎಲ್ಬೋಗೆ ಕೈಯಿಂದಲೇ ನಾಲ್ಕೈದು ಸುತ್ತು ತಿರುಗಿಸಿ. ಸ್ಪ್ಯಾನರ್ ಬೇಡ. ನಿಪ್ಪಲ್ ಗೋಡೆಯಿಂದ ನೇರ ಹೊರಗೆ ಬಂದಿದೆಯೇ ಎಂದು ಗುಣಿಯಾ (ಮೂಲೆಮಟ್ಟ) ಹಿಡಿದು ಎರಡು ಕಡೆಯಿಂದ ನೋಡಿ, ಒಮ್ಮೆ ಮೇಲಿನಿಂದ, ಒಮ್ಮೆ ಪಕ್ಕದಿಂದ. 300 ಮಿ.ಮೀ. ಉದ್ದದ ತುದಿಯಲ್ಲಿ 5 ಮಿ.ಮೀ. ವ್ಯತ್ಯಾಸ ಕಂಡರೆ ಓರೆ ಒಂದು ಡಿಗ್ರಿ, 10 ಮಿ.ಮೀ. ಕಂಡರೆ ಎರಡು. ಟೈಲ್ಸಿನ ಗೋಡೆಯೇ ವಾಲಿದ್ದರೆ ಗುಣಿಯಾ ದಾರಿ ತಪ್ಪಿಸುತ್ತದೆ, ಆದ್ದರಿಂದ ಅದಕ್ಕೂ ಮೊದಲು ದಾರಕ್ಕೆ ತೂಕ ಕಟ್ಟಿ ಇಳಿಬಿಟ್ಟು ಗೋಡೆಯ ನೇರ ಪರೀಕ್ಷಿಸಿಕೊಳ್ಳಿ. ಮಿಕ್ಸರ್ ಗೋಡೆಯಿಂದ ಎರಡೂವರೆ ಇಂಚಿನಷ್ಟು ದೂರದಲ್ಲೇ ಕೂರುವುದರಿಂದ ಒಂದು, ಹೆಚ್ಚೆಂದರೆ ಒಂದೂವರೆ ಡಿಗ್ರಿ ಓರೆಯನ್ನು ಅದರ ವಾಷರ್ ನುಂಗಿಕೊಳ್ಳುತ್ತದೆ. ಅದಕ್ಕೂ ಮೀರಿದ್ದರೆ ಎಲ್ಬೋ ಬದಲಿಸದೆ ಗತಿಯಿಲ್ಲ.

ಓರೆ ಎಲ್ಬೋಗೆ ಮಿಕ್ಸರನ್ನು ಎಳೆದು ಬಿಗಿಯುವುದೇ ಈ ಕೆಲಸದ ಅತಿ ದೊಡ್ಡ ಅಪಾಯ. ಹಿತ್ತಾಳೆಯ ನಟ್ಟಿಗೆ ಆ ಬಲ ತಡೆದುಕೊಳ್ಳುವ ಶಕ್ತಿ ಇದೆ. ಆದರೆ ಆ ಬಲ ಅಷ್ಟೂ ಗೋಡೆಯೊಳಗಿನ ಸಿಪಿವಿಸಿ (ಬಿಸಿನೀರು ತಾಳುವ ಪ್ಲಾಸ್ಟಿಕ್) ಎಲ್ಬೋದ ಮೇಲೆ, ಪೈಪ್ ಅಂಟಿಸಿದ ಜೋಡಣೆಯ ಮೇಲೆ ಬೀಳುತ್ತದೆ. ಅವತ್ತು ಏನೂ ಆಗುವುದಿಲ್ಲ. ಗೀಸರ್‌ನ ಬಿಸಿಗೆ ಪೈಪ್ ದಿನವೂ ಹಿಗ್ಗಿ ಕುಗ್ಗುತ್ತ, ಕೆಲವು ತಿಂಗಳ ಮೇಲೆ ಕೂದಲೆಳೆಯ ಬಿರುಕು ಬಿಡುತ್ತದೆ. ಪಕ್ಕದ ಕೋಣೆಯ ಗೋಡೆಯ ಬಣ್ಣ ಉಬ್ಬಿದಾಗಲೇ ಅದು ಗೊತ್ತಾಗುವುದು.

ಎರಡೂ ಬಾಯಿ ನೇರ ಇವೆ ಎಂದಿಟ್ಟುಕೊಂಡು ನಿಮ್ಮ ಅಳತೆಗೆ ಬರೋಣ. ವಾಲ್ ಮಿಕ್ಸರಿನ ಎರಡು ಬಾಯಿಗಳ ನಡುವಿನ ಅಂತರ 150 ಮಿ.ಮೀ., ಅಂದರೆ ಸುಮಾರು ಆರು ಇಂಚು. ಪೆಟ್ಟಿಗೆಯಲ್ಲಿ ಬರುವ ಎರಡು ಲೆಗ್‌ಗಳ ಎರಡು ತುದಿಗಳು ಒಂದೇ ನೇರದಲ್ಲಿ ಇರುವುದಿಲ್ಲ. ಗೋಡೆಯ ಕಡೆಯ ತುದಿಯಿಂದ ಮಿಕ್ಸರಿನ ಕಡೆಯ ತುದಿ ತುಸು ಪಕ್ಕಕ್ಕೆ ಸರಿದಿರುತ್ತದೆ. ಲೆಗ್ ತಿರುಗಿಸಿದರೆ ಆ ತುದಿ ವೃತ್ತ ಹೊಡೆಯುತ್ತದೆ. ಅಂತರ, ಎತ್ತರ ಎರಡನ್ನೂ ಹೊಂದಿಸುವುದು ಇದರಿಂದಲೇ. ನಿಮ್ಮ ಲೆಗ್‌ಗಳು ಎಷ್ಟು ಸರಿಯುತ್ತವೆ ಎಂದು ತಿಳಿಯಲು ಟೆಫ್ಲಾನ್ ಟೇಪ್ (ಸೋರದಂತೆ ತಿರುಪಿಗೆ ಸುತ್ತುವ ಬಿಳಿ ಪಟ್ಟಿ) ಸುತ್ತದೆ ಎರಡನ್ನೂ ಗೋಡೆಗೆ ಹಾಕಿ, ಎರಡೂ ತುದಿಗಳನ್ನು ಒಳಮುಖ ಮಾಡಿ ನಡುವಿನಿಂದ ನಡುವಿಗೆ ಅಳೆಯಿರಿ. 158 ಇದ್ದದ್ದು 143ಕ್ಕೆ ಇಳಿದರೆ ಎರಡೂ ಸೇರಿ 15 ಮಿ.ಮೀ. ಸರಿಸಬಲ್ಲವು, ಒಂದೊಂದರ ಪಾಲು ಏಳೂವರೆ. ಕೆಲವು ಕಂಪನಿಗಳ ಲೆಗ್ ಇನ್ನೂ ಹೆಚ್ಚು ಸರಿಯುತ್ತದೆ, ಅಗ್ಗದ ಕೆಲವು ಲೆಗ್ ಪೂರ್ತಿ ನೇರವೇ ಇರುತ್ತವೆ. ನೇರ ಲೆಗ್ ಬಂದಿದ್ದರೆ ಓರೆ ಲೆಗ್‌ನ ಜೋಡಿ ಬಿಡಿಯಾಗಿ ಕೊಳ್ಳಿ.

ನಿಮಗೆ ಬೇಕಾದ ತಿದ್ದುಪಡಿ ಅಡ್ಡಕ್ಕೆ 8, ಉದ್ದಕ್ಕೆ 6. ಎರಡನ್ನೂ ಕೂಡಿಸಿ 14 ಎಂದು ಲೆಕ್ಕ ಹಾಕುವಂತಿಲ್ಲ. ಶಾಲೆಯಲ್ಲಿ ಕಲಿತ ಲಂಬಕೋನ ತ್ರಿಭುಜದ ಲೆಕ್ಕದಂತೆ ಒಟ್ಟು ತಪ್ಪು 10 ಮಿ.ಮೀ. ಲೆಗ್‌ಗಳ ಶಕ್ತಿ 15 ಇದ್ದರೆ ಸಾಕಷ್ಟು ಮಿಗುತ್ತದೆ. ಈಗ ತಿರುಗಿಸುವುದು ಹೇಗೆ? ಇದಕ್ಕೆ ಎರಡು ಸ್ಥಾನಗಳಿವೆ. ಒಂದರಲ್ಲಿ ಎಡದ ಲೆಗ್‌ನ ತುದಿ ಬಹುತೇಕ ಬಲಕ್ಕೆ, ಕೂದಲೆಳೆ ಮೇಲಕ್ಕೆ ಇರುತ್ತದೆ, ಬಲದ ಲೆಗ್‌ನದು ನೇರ ಮೇಲಕ್ಕೆ. ಇನ್ನೊಂದರಲ್ಲಿ ಎಡದ್ದು ನೇರ ಕೆಳಕ್ಕೆ, ಬಲದ್ದು ಬಹುತೇಕ ಎಡಕ್ಕೆ, ತುಸು ಕೆಳಕ್ಕೆ. ಎರಡರಲ್ಲೂ ಮಿಕ್ಸರ್ ಸಮಮಟ್ಟ ಕೂರುತ್ತದೆ, ಅಂತರ 150ಕ್ಕೇ ಬರುತ್ತದೆ. ಮೊದಲನೆಯದರಲ್ಲಿ ಮಿಕ್ಸರ್ ಎರಡನೆಯದಕ್ಕಿಂತ 9 ಮಿ.ಮೀ. ಮೇಲೆ, ಸುಮಾರು 7 ಮಿ.ಮೀ. ಬಲಕ್ಕೆ ಇರುತ್ತದೆ. ನಿಮ್ಮದು ಮೇಲಿನ ಶವರಿಗೆ ಬೆಂಡ್ ಪೈಪ್ ಹೋಗುವ ತ್ರೀ ಇನ್ ಒನ್ ಮಿಕ್ಸರ್ ಆಗಿದ್ದರೆ, ಬೆಂಡಿನ ಪಾಯಿಂಟಿಗೆ ಯಾವುದು ಹತ್ತಿರವೋ ಅದನ್ನು ಆರಿಸಿಕೊಳ್ಳಿ. ಇಷ್ಟೂ ಟೇಪ್ ಸುತ್ತದೆ ಜೋಡಿಸಿ ನೋಡುವ ಕೆಲಸ. ಮಿಕ್ಸರಿನ ಮೇಲೆ ರಸಮಟ್ಟ ಇಟ್ಟು ಗುಳ್ಳೆ ನಡುವೆ ನಿಲ್ಲುವ ಸ್ಥಾನ ಸಿಕ್ಕ ಮೇಲೆ, ಲೆಗ್ ಎತ್ತ ಮುಖ ಮಾಡಿದೆ ಎಂದು ಟೈಲ್ಸಿನ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳಿ.

ಆಳದ ತಪ್ಪು 12 ಮಿ.ಮೀ. ಬಲದ ಎಲ್ಬೋಗೆ ಅರ್ಧ ಇಂಚು ಉದ್ದದ ಹಿತ್ತಾಳೆಯ ಎಕ್ಸ್‌ಟೆನ್ಷನ್ ನಿಪ್ಪಲ್ ಒಂದು ಸಾಕು. ಅಂಗಡಿಯಲ್ಲಿ ಇದು ಅರ್ಧ, ಒಂದು, ಒಂದೂವರೆ, ಎರಡು ಇಂಚಿನ ಉದ್ದಗಳಲ್ಲಿ ಸಿಗುತ್ತದೆ. ಕೈಯಲ್ಲಿ ಹಿಡಿದರೆ ತೂಕ ಅನ್ನಿಸುವಂಥದ್ದು ತನ್ನಿ. ತೆಳುವಾದದ್ದು ಬಿಗಿಸುವಾಗಲೇ ಎಳೆಯ (ತಿರುಪಿನ ಗೆರೆಯ) ಬುಡದಲ್ಲಿ ಸೀಳುತ್ತದೆ. ಎರಡು ನಿಪ್ಪಲ್ ಒಂದಕ್ಕೊಂದು ಪೋಣಿಸಿ ಉದ್ದ ಮಾಡುವುದು ಬೇಡ, ಸೋರುವ ಜಾಗ ಒಂದು ಹೆಚ್ಚಾಗುತ್ತದೆ.

ಒಂದೆರಡು ಮಿ.ಮೀ. ಉಳಿದರೆ ಲೆಗ್‌ನ ಎಳೆಯಿಂದ ಹೊಂದಿಸಬಹುದು. ಅರ್ಧ ಇಂಚಿನ ಪೈಪಿನ ಈ ಎಳೆ ಒಂದು ಇಂಚು ಉದ್ದಕ್ಕೆ 14 ಸುತ್ತು ಇರುತ್ತದೆ, ಅಂದರೆ ಒಂದು ಪೂರ್ತಿ ಸುತ್ತಿಗೆ ಲೆಗ್ 1.8 ಮಿ.ಮೀ. ಒಳಗೆ ಹೋಗುತ್ತದೆ. ಇಲ್ಲಿ ಬಹಳ ಜನ ಎಡವುತ್ತಾರೆ: ಆಳಕ್ಕಾಗಿ ಅರ್ಧ ಸುತ್ತು ತಿರುಗಿಸಿದರೆ ಲೆಗ್‌ನ ಮುಖ ತಿರುಗಿಹೋಗಿ ಅಂತರ, ಎತ್ತರ ಎರಡೂ ಕೆಡುತ್ತವೆ. ಆಳ ಬದಲಿಸುವುದಿದ್ದರೆ ಪೂರ್ತಿ ಸುತ್ತಿನಲ್ಲೇ ಬದಲಿಸಬೇಕು. ಮಿಕ್ಸರಿನ ಎರಡೂ ಬಾಯಿ ಒಟ್ಟಿಗೆ ಲೆಗ್‌ಗೆ ತಾಗುವಂತೆ ಹಿಡಿದಾಗ ನಡುವಿನ ಸಂದು ಅರ್ಧ ಮಿ.ಮೀ. ಒಳಗಿದ್ದರೆ ವಾಷರ್ ಮುಚ್ಚಿಕೊಳ್ಳುತ್ತದೆ. ನಟ್ ಬಿಗಿದು ಎಳೆದೇ ಸಂದು ಮುಚ್ಚಬೇಕು ಅನ್ನುವ ಸ್ಥಿತಿ ಇದ್ದರೆ ಆಳ ಇನ್ನೂ ಹೊಂದಿಲ್ಲ ಎಂದೇ ಅರ್ಥ.

ಎಲ್ಬೋ ಒಳಗೆ ಹೋಗುವ ಬದಲು ಟೈಲ್ಸಿನಿಂದ ಹೊರಗೆ ಚಾಚಿಕೊಂಡಿರುವುದೂ ನಮ್ಮ ಕಡೆ ಸಾಮಾನ್ಯ, ಅದರಲ್ಲೂ ಹಳೆಯ ಕಲ್ಲಿನ ಗೋಡೆಗಳಲ್ಲಿ. ಶಹಾಬಾದ್ ಕಲ್ಲು ಗಟ್ಟಿ, ಸಾಕಷ್ಟು ಆಳಕ್ಕೆ ಕೊರೆಯುವಷ್ಟು ತಾಳ್ಮೆ ಯಾರಿಗೂ ಇರುವುದಿಲ್ಲ. ಅಂಥಲ್ಲಿ ಬಟ್ಟಲಿನಂತೆ ಆಳವಿರುವ ಫ್ಲೇಂಜ್ ಹಾಕಿದರೆ ಎಲ್ಬೋ ಮುಚ್ಚಿಹೋಗುತ್ತದೆ.

ಈಗ ಸೋರಿಕೆ. ಲೆಗ್‌ಗೆ ಟೇಪ್ ಸುತ್ತಿ ಬಿಗಿಸಿದ ಮೇಲೆ ಅದು ಬೇಕಾದ ಮುಖಕ್ಕೆ ನಿಲ್ಲಲಿಲ್ಲ ಎಂದು ಕಾಲು ಸುತ್ತು ಹಿಂದಕ್ಕೆ ತಿರುಗಿಸಿದ್ದರೆ ಅಲ್ಲೇ ಜಿನುಗು ಶುರುವಾಗುತ್ತದೆ. ಒತ್ತಿ ಕೂತ ಟೆಫ್ಲಾನ್ ಹಿಂದಕ್ಕೆ ಬರುವುದಿಲ್ಲ, ಎಳೆಯ ನಡುವೆ ದಾರಿ ಬಿಡುತ್ತದೆ. ನಿಮ್ಮದು ಬಹುಶಃ ಇದೇ. ಆದರೂ ಊಹೆಯ ಮೇಲೆ ಬಿಡಬೇಡಿ. ಮಿಕ್ಸರ್, ಲೆಗ್ ಎರಡನ್ನೂ ತೆಗೆದು, ಎಲ್ಲ ಪಾಯಿಂಟಿಗೂ ಟೇಪ್ ಸುತ್ತಿದ ಡಮ್ಮಿ ಪ್ಲಗ್ (ಬಾಯಿ ಮುಚ್ಚುವ ಬಿರಡೆ) ಹಾಕಿ, ರಂಧ್ರದ ಸುತ್ತ ಒರೆಸಿ ಒಣಗಿಸಿ, ವಾಲ್ವ್ ತೆರೆದು ಒಂದು ರಾತ್ರಿ ಬಿಡಿ. ಬೆಳಿಗ್ಗೆ ಒಣ ಟಿಶ್ಯೂ ಕಾಗದವನ್ನು ಎಲ್ಬೋ ಸುತ್ತ ತುರುಕಿ ನೋಡಿ. ಒಣಗಿದ್ದರೆ ತಪ್ಪು ಲೆಗ್‌ನ ಎಳೆಯದು, ಹೊಸ ಟೇಪಿನಿಂದ ಮುಗಿಯುತ್ತದೆ. ಒದ್ದೆಯಾದರೆ ಎಲ್ಬೋ ಅಥವಾ ಒಳಗಿನ ಅಂಟು ಬಿಟ್ಟಿದೆ. ಆಗ ಮಾತ್ರ ಗೋಡೆ ತೆರೆಯುವ ಮಾತು. ಎಡದ್ದು ಸಾಮಾನ್ಯವಾಗಿ ಬಿಸಿನೀರಿನ ಸಾಲು, ಆದ್ದರಿಂದ ಗೀಸರ್‌ನ ಒಳಹರಿವಿನ ವಾಲ್ವ್ ತೆರೆದಿದೆಯೇ ನೋಡಿಕೊಳ್ಳಿ. ಅದು ಮುಚ್ಚಿದ್ದರೆ ಆ ಕಡೆ ನೀರೇ ಇರುವುದಿಲ್ಲ, ಪರೀಕ್ಷೆ ಸುಳ್ಳಾಗುತ್ತದೆ.

ಮತ್ತೆ ಜೋಡಿಸುವಾಗ ಟೇಪನ್ನು ಎಳೆಯ ತುದಿ ನಿಮ್ಮತ್ತ ಇರುವಂತೆ ಹಿಡಿದು ಗಡಿಯಾರದ ಮುಳ್ಳಿನ ದಿಕ್ಕಿಗೆ ಸುತ್ತಿ, ಮೊದಲ ಎಳೆ ಬರಿದಾಗಿ ಬಿಡಿ. ತೆಳುವಾದ ಬಿಳಿ ಟೇಪಾದರೆ 12ರಿಂದ 15 ಸುತ್ತು ಬೇಕಾಗುತ್ತದೆ. ಟೇಪ್ ಇಲ್ಲದೆ ಹಾಕಿದಾಗ ಎಷ್ಟು ಸುತ್ತಿಗೆ ಪೆನ್ಸಿಲ್ ಗುರುತಿಗೆ ಬಂದಿತ್ತು ಎಂದು ಎಣಿಸಿಟ್ಟುಕೊಂಡು, ಅದೇ ಜಾಗದಲ್ಲಿ ಬಿಗಿಯಾಗುವಂತೆ ಟೇಪ್ ಹೆಚ್ಚು ಕಡಿಮೆ ಮಾಡಿ. ಗುರುತು ದಾಟಿಹೋಯಿತೇ? ಹಿಂದಕ್ಕೆ ಬೇಡ. ಪೂರ್ತಿ ಬಿಚ್ಚಿ, ಹಳೆಯ ಟೇಪ್ ಕಿತ್ತು, ಹೊಸದು ಸುತ್ತಿ. ಐದು ನಿಮಿಷದ ಕೆಲಸ, ಒಂದು ಗೋಡೆ ಉಳಿಯುತ್ತದೆ. ದಾರ, ಸಫೇದಾ (ಬಿಳಿ ಲೇಪ) ಬಳಸುವ ರೂಢಿ ಜಿಐ ಪೈಪಿನ ಕಾಲದ್ದು. ಎಣ್ಣೆ ಬೆರೆತ ಲೇಪ ಸಿಪಿವಿಸಿಗೆ ಒಳ್ಳೆಯದಲ್ಲ, ಟೆಫ್ಲಾನ್ ಮಾತ್ರ ಸಾಕು. ಮಿಕ್ಸರ್ ಕೂರಿಸುವ ಮುನ್ನ ಎರಡೂ ಸಾಲಿನಿಂದ ಒಂದು ಬಕೆಟ್ ನೀರು ಹರಿಯಬಿಡಿ, ಹೊಸ ಪೈಪಿನಲ್ಲಿ ಉಸುಕು, ಪೈಪ್ ಕೊಯ್ದ ಪುಡಿ ಇದ್ದೇ ಇರುತ್ತದೆ. ನಟ್‌ಗಳನ್ನು ಎರಡೂ ಕಡೆ ಸಮನಾಗಿ ಕೈಯಿಂದ ಬಿಗಿದು, ಆಮೇಲೆ ಬಟ್ಟೆ ಹಿಡಿದು ಸ್ಪ್ಯಾನರಿನಿಂದ ಕಾಲು ಸುತ್ತು, ಹೆಚ್ಚೆಂದರೆ ಅರ್ಧ ಸುತ್ತು. ಫ್ಲೇಂಜಿನ ಸುತ್ತ ಸಿಲಿಕೋನ್ ಹಚ್ಚುವುದಿದ್ದರೆ ಮೇಲೆ ಮತ್ತು ಎರಡು ಪಕ್ಕ ಹಚ್ಚಿ, ಕೆಳಗೆ ಬಿಡಿ. ಒಳಗೆ ಮುಂದೆಂದಾದರೂ ಸೋರಿದರೆ ಆ ನೀರು ಗೋಡೆಗೆ ಇಳಿಯದೆ ಹೊರಗೆ ಬಂದು ಕಣ್ಣಿಗೆ ಬೀಳಬೇಕು.

ಮೇಲಿನ ಆರ್ಮ್ ವಿಷಯ. 15 ಇಂಚಿಗೆ ಎರಡು ಇಂಚು ಸರಿದಿದೆ ಎಂದರೆ ಎಲ್ಬೋ ಏಳು ಎಂಟು ಡಿಗ್ರಿ ಓರೆಯಾಗಿದೆ. ಇದನ್ನು ಯಾವ ನಿಪ್ಪಲ್ಲೂ ನೇರ ಮಾಡದು. ಮೊದಲು ಆರ್ಮ್ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಬುಡ ಕದಲಿದರೆ ಎಲ್ಬೋ ಗೋಡೆಯಲ್ಲಿ ಹಿಡಿದುಕೊಂಡಿಲ್ಲ. ತೂಕದ ಶವರ್ ಜೋತು ಬಿದ್ದಷ್ಟೂ ಅದು ಕೆಳಕ್ಕೆ ಬಾಗಿ ಒಂದು ದಿನ ಒಡೆಯುತ್ತದೆ, ಅದನ್ನು ತೆರೆಯಲೇಬೇಕು. ಬುಡ ಗಟ್ಟಿಯಿದ್ದರೆ ಆಯ್ಕೆ ಇದೆ. 15 ಇಂಚಿನ ಬದಲು 9 ಇಂಚಿನ ಆರ್ಮ್ ಹಾಕಿದರೆ ತುದಿಯ ಸರಿತ 50ರಿಂದ 30 ಮಿ.ಮೀ.ಗೆ ಇಳಿಯುತ್ತದೆ, ಎಲ್ಬೋ ಮೇಲಿನ ಭಾರವೂ ಕಡಿಮೆಯಾಗುತ್ತದೆ. ಶವರಿನ ಕುತ್ತಿಗೆಯ ಗುಂಡು ಜೋಡಣೆ ತಿರುಗಿಸಿ ಮುಖವನ್ನು ನೆಲಕ್ಕೆ ಸಮ ಮಾಡಿದರೆ ನೀರು ನೇರ ಬೀಳುತ್ತದೆ. ಸ್ನಾನಕ್ಕೆ ಇಷ್ಟು ಸಾಕು, ನೋಟಕ್ಕೆ ಸಾಲದು. ನೋಟವೂ ಬೇಕೆಂದರೆ ಮಿಕ್ಸರಿನ ನೆತ್ತಿಯಿಂದಲೇ ಹೊರಗಿನ ಪೈಪ್ ಮೇಲೇರುವ ಶವರ್ ಕಾಲಮ್ ಒಳ್ಳೆಯದು. ಇದು ನಿಮ್ಮ ಮಿಕ್ಸರಿಗೆ ಹೊಂದುತ್ತದೆಯೇ ಎಂದು ಅಂಗಡಿಯಲ್ಲಿ ಮಿಕ್ಸರ್ ತೋರಿಸಿಯೇ ಕೊಳ್ಳಿ. ಆಗ ಗೋಡೆಯಲ್ಲಿನ ಓರೆ ಪಾಯಿಂಟಿಗೂ ಬೆಂಡಿನ ಪಾಯಿಂಟಿಗೂ ಡಮ್ಮಿ ಹಾಕಿ ಮುಚ್ಚಬಹುದು.

ತೆರೆಯಲೇಬೇಕಾಗಿ ಬಂದರೂ ಟೈಲ್ಸಿನ ಕಡೆಯಿಂದ ತೆರೆಯಬೇಕಿಲ್ಲ. ಆ ಗೋಡೆಯ ಹಿಂದೆ ಏನಿದೆ ನೋಡಿ. ಮಲಗುವ ಕೋಣೆಯೋ ಓಣಿಯ ಕಡೆಯ ಗೋಡೆಯೋ ಇದ್ದು, ಗೋಡೆ ನಾಲ್ಕೂವರೆ ಇಂಚಿನದಾದರೆ ಹಿಂದಿನಿಂದ 8 ಇಂಚು ಅಗಲ, 6 ಇಂಚು ಎತ್ತರದ ಕಿಂಡಿ ತೆಗೆದು ಎಲ್ಬೋ ಬದಲಿಸಬಹುದು. ಪ್ಲಾಸ್ಟರ್, ಬಣ್ಣಕ್ಕೆ ಮುಗಿಯುತ್ತದೆ. ಅದು ಆಗದಿದ್ದರೆ ಒಂದೇ ಟೈಲ್ ತೆಗೆಯಿರಿ. ಗ್ರೈಂಡರಿನಿಂದ ಸುತ್ತಲ ಗ್ರೌಟ್ ಪೂರ್ತಿ ಕೊಯ್ದ ಮೇಲೆ ನಡುವಿನಿಂದ ಒಡೆಯುತ್ತ ಅಂಚಿಗೆ ಬಂದರೆ ಪಕ್ಕದವು ಉಳಿಯುತ್ತವೆ. ಅದೇ ಟೈಲ್ ಈಗ ಸಿಗದಿದ್ದರೆ ಎರಡು ಪಾಯಿಂಟನ್ನೂ ಸೇರಿಸಿ 12 ಇಂಚು ಅಗಲ, 5 ಇಂಚು ಎತ್ತರದ ಗ್ರಾನೈಟ್ ಪಟ್ಟಿ ಕೂರಿಸಬಹುದು. ರಂಧ್ರ ಸಮೇತ ಕೊಯ್ದು ಕೊಡುತ್ತಾರೆ. ಪಟ್ಟಿಯ ದಪ್ಪದಷ್ಟು ಉದ್ದದ ಎಕ್ಸ್‌ಟೆನ್ಷನ್ ಬೇಕಾಗುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಿರಿ. ಊರಲ್ಲೇ ಸಿಗುತ್ತದೆ ಎಂದು ಪಾಲಿಶ್ ಮಾಡಿದ ಶಹಾಬಾದ್ ಕಲ್ಲು ಮಾತ್ರ ಬೇಡ. ಅದು ಸುಣ್ಣದ ಕಲ್ಲು. ಬೋರ್‌ವೆಲ್ ನೀರಿನ ಬಿಳಿ ಕಲೆ ತೆಗೆಯಲು ಆಸಿಡ್ ಹಾಕಿದರೆ ಕಲೆಯ ಜೊತೆ ಕಲ್ಲೂ ತಿಂದುಹೋಗುತ್ತದೆ.

ಆ ಬಿಳಿ ಕಲೆಯದೇ ಇನ್ನೊಂದು ಮಾತು: ಶವರಿನ ನೀರು ಮಾತ್ರ ಓರೆ ಬೀಳುತ್ತಿದ್ದರೆ ಅದು ಬಹಳ ಸಲ ಜೋಡಣೆಯ ತಪ್ಪಾಗಿರುವುದಿಲ್ಲ, ಕೆಲವು ರಂಧ್ರ ಕಟ್ಟಿರುತ್ತವೆ. ಶವರ್ ಬಿಚ್ಚಿ ವಿನೆಗರ್‌ನಲ್ಲಿ ಕೆಲವು ಗಂಟೆ ನೆನೆಸಿ ಉಜ್ಜಿದರೆ ಸರಿಹೋಗುತ್ತದೆ.

ಮಹಡಿಯ ಬಚ್ಚಲಿಗೆ ಬರೋಣ. ಅಲ್ಲಿ ಮಿಕ್ಸರನ್ನು ಮೊದಲೇ ಕೊಂಡು ತಂದಿಡಿ, ಪೈಪ್ ಆಮೇಲೆ ಹಾಕಿಸಿ. ತ್ರೀ ಇನ್ ಒನ್ ಆದರೆ ಬೆಂಡಿನ ಪಾಯಿಂಟಿನ ಎತ್ತರ ಕಂಪನಿಯಿಂದ ಕಂಪನಿಗೆ ಬೇರೆ, ವಸ್ತು ಕೈಯಲ್ಲಿದ್ದರೆ ಮಾತ್ರ ಅಳತೆ ಸಿಗುತ್ತದೆ. ಮಿಕ್ಸರ್ ಮುಗಿದ ನೆಲದಿಂದ 3ರಿಂದ 3.5 ಅಡಿ, ಶವರ್ ಆರ್ಮ್ 6.5ರಿಂದ 7 ಅಡಿ. ‘ಮುಗಿದ ನೆಲ’ ಅಂದರೆ ನೆಲದ ಟೈಲ್ಸ್ ಕೂತ ಮೇಲಿನ ಮಟ್ಟ. ಬರೀ ಸ್ಲ್ಯಾಬಿನಿಂದ ಅಳೆದರೆ ಶವರ್ ತಲೆಗೆ ಬಡಿಯುತ್ತದೆ. ಎದುರು ನಿಂತಾಗ ಬಿಸಿನೀರು ಎಡಕ್ಕೆ, ತಣ್ಣೀರು ಬಲಕ್ಕೆ.

ಎರಡು ಎಲ್ಬೋಗಳನ್ನು ಬಿಡಿಬಿಡಿಯಾಗಿ ಹಾಕಿಸುವ ಬದಲು, ಎರಡೂ ಬಾಯಿ 150 ಮಿ.ಮೀ. ಅಂತರಕ್ಕೆ ಒಂದೇ ದೇಹದಲ್ಲಿ ಬರುವ ಹಿತ್ತಾಳೆ ಎಳೆಯ ವಾಲ್ ಮಿಕ್ಸರ್ ಅಡಾಪ್ಟರ್ ತರಿಸಿ. ಸಿಗದಿದ್ದರೆ 12 ಮಿ.ಮೀ. ಪ್ಲೈವುಡ್ ತುಂಡಿಗೆ 150 ಮಿ.ಮೀ. ಅಂತರದಲ್ಲಿ ಎರಡು ರಂಧ್ರ ಕೊರೆದು, ಎರಡು ಜಿಐ ನಿಪ್ಪಲ್ ತೂರಿಸಿ ಚೆಕ್ ನಟ್‌ನಿಂದ ಬಿಗಿದು, ಅವುಗಳಿಗೆ ಎಲ್ಬೋ ತಿರುಗಿಸಿ. ಹಲಗೆಯ ಮೇಲೆ ರಸಮಟ್ಟ ಇಟ್ಟು, ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಉಸುಕಿನ ಗಚ್ಚಿನಿಂದ ಎಲ್ಬೋದ ಬೆನ್ನು ತುಂಬಿ, 24 ಗಂಟೆ ಹಲಗೆ ತೆಗೆಯಬೇಡಿ. ಮಿಕ್ಸರ್ ಪಾಯಿಂಟಿನ ಬಗ್ಗೆ ಮೊದಲು ಹೇಳಿದ ನಾಲ್ಕೂ ಬಗೆಯ ತಪ್ಪುಗಳನ್ನು ಈ ಒಂದು ಹಲಗೆ ತಡೆಯುತ್ತದೆ. ಬೀದರ್ ಕಡೆಯ ಕೆಂಪು ಕಲ್ಲಿನ ಗೋಡೆಯಾದರೆ ಕೊರೆದ ಅಂಚು ಪುಡಿಪುಡಿಯಾಗುತ್ತದೆ, ಕ್ಲಾಂಪಿನ ಮೊಳೆ ನಿಲ್ಲುವುದಿಲ್ಲ. ಅಲ್ಲಿ ಕೊರೆತ ಅಗಲ ಮಾಡಿ, ನೀರು ಚಿಮುಕಿಸಿ, ಗಚ್ಚು ಹೆಚ್ಚು ತುಂಬಬೇಕು.

ಆಳ ನಿರ್ಧರಿಸಬೇಕಾದವರು ಪ್ಲಂಬರ್ ಅಲ್ಲ, ಟೈಲ್ಸ್ ಗೌಂಡಿ. ಸಿಮೆಂಟಿನ ಮೇಲೆ ಟೈಲ್ಸ್ ಕೂರಿಸಿದರೆ ಹಾಸು 15ರಿಂದ 20 ಮಿ.ಮೀ. ಬರುತ್ತದೆ, ಅಂಟಿನಿಂದ ಕೂರಿಸಿದರೆ ಐದಾರು ಮಿ.ಮೀ. ಅದರ ಮೇಲೆ ಟೈಲ್ 8 ಮಿ.ಮೀ. ಯಾವುದೆಂದು ಮೊದಲೇ ಕೇಳಿ, ಮುಗಿದ ಟೈಲ್ಸ್ ಮುಖ ಬರುವಲ್ಲಿ ಒಂದು ದಾರ ಎಳೆದು, ಎಲ್ಬೋದ ಬಾಯಿ ಆ ದಾರಕ್ಕೆ ಸಮ, ಅಥವಾ 2 ಮಿ.ಮೀ. ಒಳಗೆ ಇರುವಂತೆ ಕೂರಿಸಿ. ನಿಮ್ಮ ಬಲದ ಎಲ್ಬೋ 14 ಮಿ.ಮೀ. ಒಳಗೆ ಹೋಗಿರುವುದು ಹೆಚ್ಚಾಗಿ ಈ ಮಾತುಕತೆ ಆಗದ ಕಾರಣದಿಂದ.

ಅಂಟಿಸುವ ಹೊತ್ತೂ ಮುಖ್ಯ. ಮೇಲಿನ ಎಲ್ಬೋ ಓರೆಯಾಗುವುದು ಬಹಳ ಸಲ ಇಲ್ಲೇ. ಸಿಪಿವಿಸಿ ಸಾಲ್ವೆಂಟ್ ಹಚ್ಚಿ ಪೈಪ್ ತೂರಿಸಿದ ಮೇಲೆ ಎಲ್ಬೋವನ್ನು ನೇರ ಮಾಡಲು ಸಿಗುವುದು ಕೆಲವೇ ಸೆಕೆಂಡು. ಕಲಬುರಗಿಯ ಏಪ್ರಿಲ್ ಮೇ ತಿಂಗಳ ಮಧ್ಯಾಹ್ನ, ಬಿಸಿಲಿಗೆ ಕಾದ ಪೈಪಿನ ಮೇಲೆ ಅಷ್ಟೂ ಸಿಗುವುದಿಲ್ಲ. ತಿರುಗಿಸುವಷ್ಟರಲ್ಲಿ ಹಿಡಿದುಬಿಟ್ಟಿರುತ್ತದೆ. ಆಮೇಲೆ ಬಲವಂತದಿಂದ ತಿರುಗಿಸಿದರೆ ಅಂಟು ಹರಿಯುತ್ತದೆ, ಬಿಟ್ಟರೆ ಓರೆ ಉಳಿಯುತ್ತದೆ. ಆದ್ದರಿಂದ ಈ ಕೆಲಸ ಬೆಳಿಗ್ಗೆ ಹತ್ತರೊಳಗೆ ಮುಗಿಸಲಿ, ಪೈಪ್ ಮತ್ತು ಸಾಲ್ವೆಂಟ್ ಡಬ್ಬಿ ನೆರಳಲ್ಲಿರಲಿ. ಮೊದಲು ಸಾಲ್ವೆಂಟ್ ಇಲ್ಲದೆ ಜೋಡಿಸಿ ನೇರ ಬಂದ ಜಾಗದಲ್ಲಿ ಪೈಪಿಗೂ ಎಲ್ಬೋಗೂ ಸೇರಿಸಿ ಗೆರೆ ಎಳೆದುಕೊಂಡು, ಸಾಲ್ವೆಂಟ್ ಹಚ್ಚಿ ಕಾಲು ಸುತ್ತು ತಿರುಗಿಸುತ್ತ ತೂರಿಸಿ ಗೆರೆಗೆ ಗೆರೆ ಕೂಡಿಸಿ, ಅರ್ಧ ನಿಮಿಷ ಅದುಮಿ ಹಿಡಿಯಬೇಕು. ಶವರ್ ಆರ್ಮ್‌ನ ಎಲ್ಬೋಗೂ ಒಂದು ಅಡಿ ನಿಪ್ಪಲ್ ಹಾಕಿಯೇ ಗಚ್ಚು ತುಂಬಿಸಿ. ಒಂದು ಡಿಗ್ರಿ ಓರೆಯಾದರೂ ಆ ಉದ್ದದಲ್ಲಿ ಕಣ್ಣಿಗೆ ಕಾಣುತ್ತದೆ.

ಒಂದು ದಿನ ಬಿಟ್ಟು ಕೈ ಪಂಪಿನಿಂದ 7ರಿಂದ 10 ಕೆ.ಜಿ. ಒತ್ತಡ ಕೊಟ್ಟು ಕನಿಷ್ಠ ಒಂದು ಗಂಟೆ ನೋಡಿ. ಪಂಪಿನ ಒತ್ತಡಮಾಪಕದ ಮುಳ್ಳು ಇಳಿಯಬಾರದು. ಡಮ್ಮಿ ಪ್ಲಗ್‌ಗಳು ಉದ್ದನೆಯವೇ ಇರಲಿ, ಟೈಲ್ಸ್ ಮುಗಿಯುವ ತನಕ ತೆಗೆಯಬೇಡಿ. ಗೌಂಡಿ ಅವುಗಳ ಸುತ್ತ ಹೋಲ್ ಸಾ ಬಳಸಿ 30 ಮಿ.ಮೀ. ಆಸುಪಾಸಿನ ದುಂಡು ರಂಧ್ರ ಮಾಡಲಿ. ಗ್ರೈಂಡರಿನಿಂದ ಚೌಕ ಕೊಯ್ದರೆ ಮೂಲೆಗಳು ಫ್ಲೇಂಜಿನ ಹೊರಗೆ ಇಣುಕುತ್ತವೆ, ಟೈಲ್ ಅದೇ ಮೂಲೆಯಿಂದ ಸೀಳುತ್ತದೆ.